ಧಾತು ಈಶ್ವರದ ಗಂಜಿ ಹಂಡೆ

ಬೇಲೂರಿನಿಂದ ಹಳೇಬೀಡು ದಾಟಿ ಜಾವಗಲ್ಲಿನ ಮೇಲೆ ಅರಸೀಕೆರೆಗೆ ಹೋಗುವವರು ಕಿಟಕಿಯ ಹೊರಗೆ ನೋಡುತ್ತ ಹೋದರೆ ಮಳೆ ಹೇಗೆ ತೆಳುವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬೇಲೂರಿನ ಪಡುವಣಕ್ಕೆ ಕಾಫಿ, ಭತ್ತ, ಹಲಸಿನ ನೆರಳು. ಹಳೇಬೀಡಿನ ಕೆರೆ ಕಳೆದ ಮೇಲೆ ಹೊಲಗಳು ಬಯಲಾಗುತ್ತವೆ, ಮಣ್ಣು ಕೆಂಪಾಗುತ್ತದೆ. ಅಲ್ಲಿಂದಾಚೆ ರಾಗಿ, ಹುರುಳಿ, ಕಲ್ಲುಗುಡ್ಡ. ಅರಸೀಕೆರೆ ಎಂದರೆ ಈಗ ತೆಂಗು ನೆನಪಾಗುತ್ತದೆ. ಆದರೆ ಆ ತೆಂಗಿನ ಬುಡದ ನೆಲ ಒಣನೆಲವೇ. ಹಾಸನವೆಂಬ ಒಂದೇ ಜಿಲ್ಲೆಯೊಳಗೆ ಮಲೆನಾಡೂ ಬಯಲುಸೀಮೆಯೂ ಹೀಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಬರ ಬಂದಾಗ ಜನ ಯಾವ ಕಡೆಯಿಂದ ಯಾವ ಕಡೆಗೆ ನಡೆದರು ಎಂಬುದನ್ನು ಈ ದಾರಿಯೇ ಹೇಳಿಬಿಡುತ್ತದೆ.

ನಮ್ಮ ಸೀಮೆಯ ಹಳಬರು ಬಹುಕಾಲ ವಯಸ್ಸನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. ‘ಧಾತು ಈಶ್ವರದ ಬರ’ಕ್ಕೆ ಮುಂಚೆ, ಅದರ ಆಮೇಲೆ ಎಂದು ಎಣಿಸುತ್ತಿದ್ದರು. ಧಾತು ಸಂವತ್ಸರ 1876ರ ಯುಗಾದಿಗೆ ಬಂತು, ಈಶ್ವರ 1877ರ ಯುಗಾದಿಗೆ. ಈ ಎರಡು ವರ್ಷಗಳಲ್ಲಿ ಮೈಸೂರು ಸಂಸ್ಥಾನ ಕಂಡ ಸಾವನ್ನು ಎರಡು ಜನಗಣತಿಗಳು ಹಿಡಿದಿಟ್ಟಿವೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಬೆಳೆಯದಿದ್ದುದನ್ನು ಬಿಟ್ಟರೂ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಲೆಕ್ಕದಲ್ಲಿ ಇಲ್ಲ. ಕೋಲಾರ, ತುಮಕೂರು, ಬೆಂಗಳೂರಿನ ಹಳ್ಳಿಗಳು ಹೆಚ್ಚು ಬಳಲಿದವು. ಹಾಸನದಲ್ಲಿ ಮಲೆನಾಡಿನ ಅಂಚು ಒಂದಿಷ್ಟು ಉಳಿಯಿತು, ಮೂಡಣ ಬಯಲು ಬೆಂದಿತು.

ಈ ಬರದ ಕಥೆಯನ್ನು ಹಲವರು ಹಲವು ಕಡೆಯಿಂದ ಬರೆದಿದ್ದಾರೆ. ಅದರೊಳಗಿನ ಒಂದು ಎಳೆಯನ್ನು ಮಾತ್ರ ನಾನು ಇಲ್ಲಿ ಹಿಡಿಯುತ್ತಿದ್ದೇನೆ. ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡು ಚರ್ಚುಗಳು, ರೋಮಿನದೊಂದು, ವೆಸ್ಲಿಯದೊಂದು, ಒಂದೇ ಗಂಜಿಯ ಕೆಲಸಕ್ಕೆ ಕೈ ಹಾಕಬೇಕಾಗಿ ಬಂದದ್ದು ಹೇಗೆ ಎಂಬುದು ಆ ಎಳೆ.

ಮೊದಲು ಅವರು ಯಾರು ಎಂದು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರಿನ ಕ್ರೈಸ್ತರನ್ನು ನೋಡಿಕೊಳ್ಳಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಬಂದರು. ನಮ್ಮವರ ಬಟ್ಟೆ ಉಟ್ಟು, ನಮ್ಮವರ ಊಟ ಉಂಡು, ಎರಡು ದಶಕಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲಿ ತಿರುಗಾಡಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕ ಹೆಸರುವಾಸಿ. ಅದರಲ್ಲಿ ಒಪ್ಪಲಾಗದ್ದು ಬೇಕಾದಷ್ಟಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಇನ್ನೆರಡು ಕೆಲಸ. 1803-04ರಲ್ಲಿ ಸಿಡುಬಿಗೆ ದಾಕು ಹಾಕುವ ಕೆಲಸ ಹೊಸದಾಗಿ ಬಂದಾಗ ಅವರು 25,432 ಮಂದಿಗೆ ದಾಕು ಹಾಕಿಸಿದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಉಳುಮೆಯ ನೆಲೆಯೊಂದನ್ನು ಕಟ್ಟಿಕೊಟ್ಟರು. ಅವರ ಹಿಂದೆ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೊಡ್ಡ ಚರ್ಚನ್ನು ಎಬ್ಬಿಸಿದರು. ಹಾಸನದ ಕ್ಯಾಥೋಲಿಕರು ಹೀಗೆ ಬಹುಮಟ್ಟಿಗೆ ನೇಗಿಲಿನವರು.

ವೆಸ್ಲಿಯನ್ ಮಿಷನ್ನಿನವರು ಇಂಗ್ಲೆಂಡಿನವರು. 1820ರ ದಶಕದಲ್ಲಿ ಬೆಂಗಳೂರಿಗೆ ಬಂದರು. 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿ ಕನ್ನಡ ಕಲಿತರು. ಆಮೇಲೆ ಮೈಸೂರು, ತುಮಕೂರು, ಶಿವಮೊಗ್ಗ, ಹಾಸನ ಎಂದು ಹರಡಿಕೊಂಡರು. ಶಾಲೆ, ಅಚ್ಚುಕೂಟ, ಸಂತೆಯಲ್ಲಿ ನಿಂತು ಮಾಡುವ ಉಪದೇಶ ಇವರ ರೀತಿ. ಪ್ರಾಟೆಸ್ಟೆಂಟ್ ಮಿಷನ್‌ಗಳು ತಮ್ಮತಮ್ಮೊಳಗೆ ಸೀಮೆ ಹಂಚಿಕೊಂಡಿದ್ದವು. ಕರಾವಳಿ ಮತ್ತು ಧಾರವಾಡ ಬಾಸೆಲ್ ಮಿಷನ್ನಿಗೆ, ಬಳ್ಳಾರಿ ಲಂಡನ್ ಮಿಷನ್ನಿಗೆ, ಹಳೇ ಮೈಸೂರಿನ ಬಹುಭಾಗ ವೆಸ್ಲಿಯನ್ನರಿಗೆ. ಒಬ್ಬರ ಹೊಲದ ಬದುವನ್ನು ಇನ್ನೊಬ್ಬರು ಒತ್ತಬಾರದು ಎಂಬ ಒಪ್ಪಂದ ಅದು.

ರೋಮಿನವರೊಂದಿಗೆ ಅಂಥ ಒಪ್ಪಂದ ಇರಲಿಲ್ಲ. ಅಲ್ಲಿ ಇದ್ದದ್ದು ಗೋಡೆ. 1823ರಲ್ಲಿ ದುಬಾ ಫ್ರಾನ್ಸಿಗೆ ಮರಳಿದ ವರ್ಷವೇ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು, ಪ್ರಾಟೆಸ್ಟೆಂಟರು ಬೈಬಲ್ ಅನುವಾದಿಸಿ ಹಂಚುವುದರಿಂದ ಏನೂ ಆಗದು ಎಂದು ಅದರಲ್ಲಿ ವಾದಿಸಿದ್ದರು. ಪ್ರಾಟೆಸ್ಟೆಂಟರಾದ ಹಫ್, ಟೌನ್ಲಿ ಇಬ್ಬರೂ ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಅಂದಿನಿಂದ ಕ್ಯಾಥೋಲಿಕರು ಪ್ರಾಟೆಸ್ಟೆಂಟರನ್ನು ದಾರಿ ತಪ್ಪಿದವರೆಂದರು, ಪ್ರಾಟೆಸ್ಟೆಂಟರು ಕ್ಯಾಥೋಲಿಕರನ್ನು ವಿಗ್ರಹ ಪೂಜಿಸುವವರೆಂದರು. ಒಬ್ಬರ ಚರ್ಚಿನಲ್ಲಿ ಇನ್ನೊಬ್ಬರು ಪ್ರಾರ್ಥನೆಗೆ ಕೂರುವ ಮಾತು ಕನಸಿನಲ್ಲೂ ಇಲ್ಲ.

ಇಷ್ಟರಲ್ಲಿ ಮಳೆ ನಿಂತಿತು.

1875ರ ಮಳೆ ಅರೆಬರೆ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮೊದಲ ವರ್ಷ ರೈತರನ್ನು ಬದುಕಿಸಿದ್ದು ಹಗೇವು. ಊರ ಗಟ್ಟಿನೆಲದಲ್ಲಿ ಹೂಜಿಯ ಹಾಗೆ, ಬಾಯಿ ಕಿರಿದು ಹೊಟ್ಟೆ ಹಿರಿದಾಗಿ ಅಗೆದು, ಒಳಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಮಣ್ಣು ಮುಚ್ಚುವ ಕಣಜ ಅದು. ರಾಗಿಗೆ ಹುಳು ಬೀಳುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ಸರ್ಕಾರದ ಉಗ್ರಾಣಗಳಿಗಿಂತ ಈ ಗುಂಡಿಗಳೇ ಮೈಸೂರಿನ ಪ್ರಾಣ ಕಾಪಾಡಿದವು ಎಂದರೆ ಹೆಚ್ಚಾಗದು. ಆದರೆ ಹಗೇವು ಇದ್ದದ್ದು ಹೊಲವಿದ್ದವನಿಗೆ. ಕೂಲಿಯವನಿಗೆ, ನೇಯುವವನಿಗೆ, ಊರಾಚೆಯ ಕೇರಿಯವನಿಗೆ ಹಗೇವಿನ ರಾಗಿ ಬೆಲೆಗೆ ಸಿಗಬೇಕು. ಬೆಲೆ ಕೈಗೆ ಎಟುಕದಷ್ಟು ಮೇಲೆ ಹೋಗಿತ್ತು.

ಹಾಸನಕ್ಕೆ ಆಗ ರೈಲಿರಲಿಲ್ಲ. ಮದರಾಸಿನ ಕಡೆಯಿಂದ ಅಕ್ಕಿ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹೊರಡಬೇಕು. ಮೇವು ನೀರಿಲ್ಲದೆ ಎತ್ತುಗಳು ದಾರಿಯಲ್ಲೇ ಬೀಳುತ್ತಿದ್ದವು. ಕಾಳು ಇದ್ದ ಕಡೆಯಿಂದ ಹಸಿವಿದ್ದ ಕಡೆಗೆ ಅದನ್ನು ಮುಟ್ಟಿಸಲಾಗದೆ ಹೋದದ್ದು ಈ ಬರದ ದೊಡ್ಡ ದುರಂತ. ಅರಸೀಕೆರೆಯ ಮೇಲೆ ಹಾದುಹೋಗುವ ರೈಲು ಹಾಕಿದ್ದು ಬರ ಮುಗಿದು ಹತ್ತು ವರ್ಷ ದಾಟಿದ ಮೇಲೆ.

ಜನ ಮೊದಲು ಒಡವೆ ಮಾರಿದರು. ಆಮೇಲೆ ಹಿತ್ತಾಳೆ ತಾಮ್ರದ ಪಾತ್ರೆ, ಆಮೇಲೆ ಎತ್ತು, ಕೊನೆಗೆ ಮನೆಯ ಬಾಗಿಲು ತೊಲೆಗಳನ್ನೇ ಕಿತ್ತು ಮಾರಿದರು. ಮಾರಲು ಏನೂ ಉಳಿಯದಾದಾಗ ನಡೆದರು. ಬಯಲಿನವರು ಮಲೆನಾಡಿನ ಕಡೆಗೆ, ಕಾಫಿ ತೋಟಗಳ ಕಡೆಗೆ, ಕೂಲಿಯ ಆಸೆಗೆ ನಡೆದರು. ಗಂಜಿ ಸಿಗುತ್ತದೆಂಬ ಸುದ್ದಿ ಬಂದ ಪಟ್ಟಣಗಳ ಕಡೆಗೆ ನಡೆದರು. ದಾರಿಯಲ್ಲಿ ಬಿದ್ದವರು ಬಿದ್ದರು. ಹಸಿವಿನ ಹಿಂದೆ ವಾಂತಿಭೇದಿ, ಆಮಶಂಕೆ, ಸಿಡುಬು ಬಂದವು. ಮಳೆ ಬಂದಮೇಲೆ ಚಳಿಜ್ವರ ಬಂತು.

ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಚಾಮರಾಜೇಂದ್ರ ಒಡೆಯರು ಇನ್ನೂ ಹುಡುಗ. ಸರ್ಕಾರ ತಾಲ್ಲೂಕುಗಳಲ್ಲಿ ಗಂಜಿಮನೆಗಳನ್ನು ತೆರೆಯಿತು, ಕೆರೆ ರಸ್ತೆಗಳ ಕೆಲಸ ಹಚ್ಚಿತು. 1877ರ ಸೆಪ್ಟೆಂಬರಿನಲ್ಲಿ ವೈಸ್‌ರಾಯ್ ಲಿಟ್ಟನ್ ತಾವೇ ಬಂದು ನೋಡಿಹೋದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬವರು ಬರದ ಕಮಿಷನರಾದರು. ಗಂಜಿಮನೆ ಕಡಿಮೆ ಮಾಡಿ, ಮೈಯಲ್ಲಿ ಕಸುವಿದ್ದವರನ್ನು ದೊಡ್ಡ ಕಾಮಗಾರಿಗೆ ಕಳಿಸಬೇಕು ಎಂಬುದು ಅವರ ನೀತಿ. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣು ಹೀಗೆ ಬರದವರ ಕೈಯಿಂದ ಎದ್ದದ್ದು.

ಆದರೆ ಕಾಮಗಾರಿಗೆ ಹೋಗಲಾಗದವರು? ಬಸುರಿ ಬಾಣಂತಿಯರು, ಮುದುಕರು, ಗೋಷಾದ ಹೆಂಗಸರು, ಮಾನಕ್ಕೆ ಅಂಜಿ ಮನೆಯೊಳಗೇ ಸಾಯುವವರು, ತಂದೆತಾಯಿ ಸತ್ತ ಮಕ್ಕಳು? ಸರ್ಕಾರದ ಜಾಲರಿಯ ಕಣ್ಣು ದೊಡ್ಡದು, ಇವರೆಲ್ಲ ಅದರೊಳಗಿಂದ ಉದುರಿದರು.

1877ರ ಆಗಸ್ಟಿನಲ್ಲಿ ಮದರಾಸಿನಲ್ಲಿ ಸಭೆ ಸೇರಿ ಇಂಗ್ಲೆಂಡಿಗೆ ಮೊರೆ ಕಳಿಸಿದರು. ಲಂಡನ್ನಿನ ಮೇಯರು ಮ್ಯಾನ್ಷನ್ ಹೌಸ್ ನಿಧಿಯನ್ನು ತೆರೆದರು. ಸುಮಾರು 7 ಲಕ್ಷ ಪೌಂಡು ಕೂಡಿತು. ಗಿರಣಿ ಕೂಲಿಗಳೂ ಶಾಲೆಯ ಮಕ್ಕಳೂ ಕೊಟ್ಟ ಕಾಸೂ ಅದರಲ್ಲಿತ್ತು, ಪಂಥ ಪಂಥದ ಚರ್ಚುಗಳ ಕಾಣಿಕೆಯೂ ಇತ್ತು. ಹಣ ಬಂತು, ಅದನ್ನು ಹಳ್ಳಿಯ ಒಲೆಯವರೆಗೆ ಮುಟ್ಟಿಸುವವರು ಯಾರು? ಅಧಿಕಾರಿಗಳು ತಮ್ಮ ಕೆಲಸದಲ್ಲೇ ಮುಳುಗಿದ್ದರು. ಕನ್ನಡ ಬಲ್ಲ, ಹಳ್ಳಿಯ ದಾರಿ ಬಲ್ಲ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಎಂದು ಬಲ್ಲ, ಬಿಟ್ಟು ಓಡಿಹೋಗದ ಜನ ಬೇಕಿತ್ತು. ಅಧಿಕಾರಿಗಳು, ತೋಟದ ದೊರೆಗಳು, ಊರ ಹಿರಿಯರು, ವರ್ತಕರ ಜೊತೆಗೆ ಮಿಷನರಿಗಳನ್ನೂ ಸೇರಿಸಿ ನಿಧಿಯ ಸ್ಥಳೀಯ ಸಮಿತಿಗಳು ಕಟ್ಟಿಕೊಂಡವು. ಕ್ಯಾಥೋಲಿಕ್, ಪ್ರಾಟೆಸ್ಟೆಂಟ್ ಎಂದು ನಿಧಿ ಭೇದ ಮಾಡಲಿಲ್ಲ. ಅರ್ಧ ಶತಮಾನ ಪುಸ್ತಕದಲ್ಲಿ ಜಗಳವಾಡಿದವರ ವಾರಸುದಾರರು ಒಂದೇ ಚೀಲದ ಅಕ್ಕಿಗೆ ಲೆಕ್ಕ ಕೊಡಬೇಕಾಯಿತು.

ನಿಧಿ ಮಾಡಿದ ಕೆಲಸದಲ್ಲಿ ನನ್ನ ಮನಸ್ಸು ನಿಲ್ಲುವುದು ಗಂಜಿಯ ಹತ್ತಿರ ಅಲ್ಲ, ಬೀಜದ ಹತ್ತಿರ. ಸೆಪ್ಟೆಂಬರಿನಲ್ಲಿ ಮಳೆ ಬಂತು. ನೆಲ ಹದವಾಗಿತ್ತು, ಆದರೆ ಬಿತ್ತಲು ಕಾಳಿಲ್ಲ, ಉಳಲು ಎತ್ತಿಲ್ಲ, ಮಲಗಲು ಸೂರಿಲ್ಲ. ಬಂದ ಮಳೆಯನ್ನು ನೋಡುತ್ತ ಮತ್ತೊಂದು ವರ್ಷ ಹಸಿಯಬೇಕಾದ ಸ್ಥಿತಿ. ಆಗ ನಿಧಿಯ ಹಣ ಬಿತ್ತನೆ ಕಾಳಿಗೆ, ಎತ್ತಿಗೆ, ನೇಗಿಲಿಗೆ, ಗುಡಿಸಲ ಹುಲ್ಲು ಗಳುಗಳಿಗೆ ಹೋಯಿತು. ಗಂಜಿ ಒಂದು ದಿನವನ್ನು ದಾಟಿಸುತ್ತದೆ, ಬೀಜ ಮನುಷ್ಯನನ್ನು ಮತ್ತೆ ರೈತನನ್ನಾಗಿ ಮಾಡುತ್ತದೆ. ಕೊಟ್ಟದ್ದು ಸಾಲವಲ್ಲ, ಹಿಂತಿರುಗಿಸುವ ಮಾತಿಲ್ಲ. ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲದೆ ಒಂದು ಬೆಳೆ ತೆಗೆಯುವುದು ಎಂದರೆ ಏನು ಎಂದು ರೈತಾಪಿ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಉಳಿದದ್ದು ಅನಾಥ ಮಕ್ಕಳು. ಇಲ್ಲಿ ಕಥೆ ಕಠಿಣವಾಗುತ್ತದೆ, ಅದನ್ನು ಮುಚ್ಚಿಡಬಾರದು. ಗಂಜಿಮನೆಗಳಲ್ಲಿ ಯಾರೂ ಕೇಳದೆ ಉಳಿದ ಮಕ್ಕಳನ್ನು ಸರ್ಕಾರ ಮಿಷನ್‌ಗಳಿಗೆ ಒಪ್ಪಿಸಿತು. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆದರು. ಬಿಷಪ್ ಶೆವಾಲಿಯೆ ಅವರ ಕಾಲದ ಕ್ಯಾಥೋಲಿಕರು ತಮ್ಮ ಪಾಲಿಗೆ ಬಂದ ಮಕ್ಕಳನ್ನು ಸಾಕಿ, ನೆಲಮಂಗಲದ ಕಡೆಯ ಸಿಲುವೆಪುರದಂಥ ಹೊಸ ಹಳ್ಳಿಗಳಲ್ಲಿ ಉಳುಮೆಗೆ ಹಚ್ಚಿದರು. ಮಕ್ಕಳು ಬದುಕಿದರು, ಕ್ರೈಸ್ತರಾಗಿ ಬೆಳೆದರು. ಅನ್ನ ಕೊಟ್ಟವರು ಮತವನ್ನೂ ಕೊಟ್ಟರು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಆ ಆಕ್ಷೇಪ ಸುಳ್ಳೆಂದು ನಾನು ಹೇಳಲಾರೆ. ಐದು ವರ್ಷದ ಮಗು ಯಾವ ಮತವನ್ನೂ ಆರಿಸಿಕೊಳ್ಳುವುದಿಲ್ಲ. ಆದರೆ ಆ ಮಗುವಿನ ಮುಂದೆ ಆಗ ಇದ್ದ ಇನ್ನೊಂದು ದಾರಿ ಯಾವುದು ಎಂದು ಕೇಳಿಕೊಂಡಾಗಲೆಲ್ಲ ನನ್ನ ಮಾತು ನಿಲ್ಲುತ್ತದೆ. ಎರಡು ಮಿಷನ್‌ಗಳೂ ಈ ಮಕ್ಕಳ ವಿಷಯದಲ್ಲಿ ಮಾತ್ರ ಒಂದಾಗಲಿಲ್ಲ. ಹಂಡೆ ಒಂದಾಯಿತು, ಎಲೆ ಬೇರೆಯೇ ಉಳಿಯಿತು.

ಹಾಸನದ ಆ ಹುಡುಗಿಯರ ಬಗ್ಗೆ ಇನ್ನೂ ಒಂದು ಮಾತು. ಆ ಕಾಲದ ಹಳ್ಳಿಯಲ್ಲಿ ಹೆಣ್ಣು ಓದುವುದೆಂದರೆ ವಿಧವೆಯಾಗುವುದಕ್ಕೆ ದಾರಿ ಎಂಬ ನಂಬಿಕೆ ಇತ್ತು. ಕೇಳುವ ತಂದೆತಾಯಿ ಇಲ್ಲದ್ದರಿಂದಲೇ ಈ ಹುಡುಗಿಯರು ಅಕ್ಷರ ಕಲಿತರು. ಮಿಷನ್ ಅನಾಥಾಲಯಗಳಲ್ಲಿ ಬೆಳೆದ ಇಂಥ ಹೆಣ್ಣುಮಕ್ಕಳು ಮುಂದೆ ಶಾಲೆಗಳಲ್ಲಿ ಉಪಾಧ್ಯಾಯಿನಿಯರಾದರು, ಆಸ್ಪತ್ರೆಗಳಲ್ಲಿ ದಾದಿಯರಾದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆಸ್ಲಿಯನ್ನರು ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆಯನ್ನೂ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನೂ ತೆರೆದರು. ಹೆಂಗಸರ ಹೆರಿಗೆ, ಮಕ್ಕಳ ಕಾಯಿಲೆ ಅವುಗಳ ಮೊದಲ ಕಾಳಜಿ. ಬೇಲೂರು, ಅರಸೀಕೆರೆಯ ಕಡೆಯ ಬಾಣಂತಿಯರನ್ನು ಗಾಡಿ ಕಟ್ಟಿಕೊಂಡು ಕರೆತಂದವರು ಅಲ್ಲಿ ಯಾವ ಜಾತಿ, ಯಾವ ಮತ ಎಂದು ಹೇಳಬೇಕಾಗಿರಲಿಲ್ಲ.

ಬರ ಇನ್ನೂ ಹಸಿಯಾಗಿದ್ದಾಗಲೇ, 1879ರ ಜೂನ್‌ನಲ್ಲಿ, ದಕ್ಷಿಣ ಭಾರತದ ಮತ್ತು ಸಿಲೋನಿನ ಪ್ರಾಟೆಸ್ಟೆಂಟ್ ಮಿಷನ್‌ಗಳ ಸಮ್ಮೇಳನ ಬೆಂಗಳೂರಿನಲ್ಲಿ ಸೇರಿತು. ಗಂಜಿಮನೆ, ಅನಾಥಾಲಯಗಳಿಂದ ನೇರವಾಗಿ ಎದ್ದು ಬಂದವರು ಅಲ್ಲಿ ಹಲವರಿದ್ದರು. ಬರಗಾಲದಲ್ಲಿ ಜೊತೆಗೂಡಿ ದುಡಿದವರಿಗೆ ತಮ್ಮತಮ್ಮ ಪಂಥದ ಬೇಲಿ ಹಳ್ಳಿಯವನಿಗೆ ಅರ್ಥವೇ ಆಗದ ಸಂಗತಿ ಎಂಬುದು ತಿಳಿದಿತ್ತು. ಇಂಗ್ಲೆಂಡಿನ ಯಾವುದೋ ಶತಮಾನದ ಜಗಳವನ್ನು ಜಾವಗಲ್ಲಿನ ಒಕ್ಕಲಿಗನೇಕೆ ಹೊರಬೇಕು? ಆ ಪ್ರಶ್ನೆ ಬೆಳೆಯುತ್ತ ಹೋಯಿತು. ತುಮಕೂರಿನಲ್ಲಿ ಕನ್ನಡ ಸೀಮೆಯ ಮಿಷನ್‌ಗಳು ಸೇರಿ ಒಂದೇ ದೇವಜ್ಞಾನ ಶಾಲೆ ನಡೆಸಿದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ವೆಸ್ಲಿಯನ್ನರನ್ನೂ ಒಳಗೊಂಡ ಮೆಥೊಡಿಸ್ಟರು, ದಕ್ಷಿಣ ಭಾರತ ಐಕ್ಯ ಚರ್ಚಿನವರು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದರು. ದೇಶ ಎರಡಾದ ಆರು ವಾರಕ್ಕೆ ಚರ್ಚುಗಳು ಒಂದಾದವು. ಹಾಸನದ ವೆಸ್ಲಿಯನ್ ಚರ್ಚೂ ಆಸ್ಪತ್ರೆಯೂ ಅಂದಿನಿಂದ ಸಿ.ಎಸ್.ಐ.

ಕ್ಯಾಥೋಲಿಕರೊಂದಿಗಿನ ಗೋಡೆ ಅಷ್ಟು ಬೇಗ ಬೀಳಲಿಲ್ಲ. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿ ಹಾಸನ, ಬೇಲೂರಿನ ಕ್ಯಾಥೋಲಿಕರು ಅದರೊಳಗೆ ಬಂದರು. ಮರುವರ್ಷ ನವೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ಕ್ರೈಸ್ತರ ಐಕ್ಯದ ಬಗ್ಗೆ ಆಜ್ಞಾಪತ್ರ ಹೊರಡಿಸಿತು. ಬೇರೆ ಚರ್ಚಿನವರನ್ನು ಅದು ಬೇರ್ಪಟ್ಟ ಸಹೋದರರು ಎಂದು ಕರೆಯಿತು. ಆದರೆ ಕಾಗದದ ಮೇಲೆ ಬಂದ ಆ ಮಾತನ್ನು ನಮ್ಮ ದೇಶದಲ್ಲಿ ಕೆಲಸವಾಗಿಸಿದ್ದು ಮತ್ತೆ ಬರವೇ. 1966ರಲ್ಲಿ ಬಿಹಾರ ಒಣಗಿ ನಿಂತಾಗ ಕ್ಯಾಥೋಲಿಕರ ಕಾರಿತಾಸ್, ಪ್ರಾಟೆಸ್ಟೆಂಟರ ಕಾಸಾ ಎರಡೂ ಅಲ್ಲಿಗೆ ಧಾವಿಸಿದವು. ಅದೇ ವರ್ಷ ಎರಡೂ ಕಡೆಯವರು ಕೂಡಿ ಆಫ್‌ಪ್ರೊ ಎಂಬ ಸಂಸ್ಥೆಯನ್ನು ಕಟ್ಟಿದರು. ‘ಆಹಾರ ಉತ್ಪಾದನೆಗಾಗಿ ಕಾರ್ಯ’ ಎಂದು ಅರ್ಥಕೊಡುವ ಅದರ ಹೆಸರಿನಲ್ಲಿ ದೇವರ ಮಾತಿಲ್ಲ, ಬೆಳೆಯ ಮಾತಿದೆ. ಬಾವಿ ತೋಡುವುದು, ಕೊಳವೆಬಾವಿ ಕೊರೆಯುವುದು, ನೆಲದಡಿಯ ನೀರು ಹುಡುಕಿಕೊಡುವುದು ಅದರ ಕಸುಬು. ಧಾತು ಈಶ್ವರದಲ್ಲಿ ಬಿತ್ತನೆ ಕಾಳು ಹಂಚಿದವರ ಮೊಮ್ಮಕ್ಕಳ ಕಾಲಕ್ಕೆ, ಸುಮಾರು ತೊಂಬತ್ತು ವರ್ಷದ ಮೇಲೆ, ಈ ಎರಡು ಚರ್ಚುಗಳು ಒಂದೇ ರುಜುವಿನ ಕೆಳಗೆ ಬಂದದ್ದು ನೀರಿನ ವಿಷಯಕ್ಕೆ.

ನೀರಿನ ಮಾತು ಬಂದಾಗ ಶೆಟ್ಟಿಹಳ್ಳಿಗೆ ಹೋಗದೆ ಇರಲಾಗುವುದಿಲ್ಲ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಬಂದು ಶೆಟ್ಟಿಹಳ್ಳಿಯ ಹೊಲ ಮುಳುಗಿತು, ಮನೆ ಮುಳುಗಿತು, ಜನ ಮೇಲಕ್ಕೆ ಹೋದರು. ಜಪಮಾಲೆ ಮಾತೆಯ ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅದರ ಅರ್ಧ ಗೋಡೆ ನೀರಿನೊಳಗೆ, ಬೇಸಿಗೆಯಲ್ಲಿ ಬುಡದ ಕೆಸರು ಬಿರುಕುಬಿಟ್ಟು ಒಣಗುತ್ತದೆ. ಸೂರು ಹೋಗಿದೆ, ಕಮಾನುಗಳು ಒಂದೊಂದಾಗಿ ಬೀಳುತ್ತಿವೆ. ನೋಡಲು ಬರುವವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಚರ್ಚನ್ನು ಅದರ ಜನ ತಾವಾಗಿ ಕೊಟ್ಟದ್ದಲ್ಲ, ಸರ್ಕಾರ ತೆಗೆದುಕೊಂಡದ್ದು. ಊರು ಬಿಟ್ಟವರ ನೋವು ಇನ್ನೂ ಮಾತಿನಲ್ಲಿದೆ.

ಆ ಚರ್ಚಿನ ಗೋಡೆಗೆ ತಾಗಿ ನಿಂತ ನೀರು ಅಣೆಕಟ್ಟಿನ ಎಡದಂಡೆ ನಾಲೆಯಲ್ಲಿ ಮೂಡಣಕ್ಕೆ ಹರಿಯುತ್ತದೆ. ತಿಪಟೂರು, ಗುಬ್ಬಿ, ತುಮಕೂರು. ಈಶ್ವರ ಸಂವತ್ಸರದಲ್ಲಿ ಜನ ಸೊಪ್ಪು ಬೇರು ತಿಂದು ನಡೆದ ನೆಲ, ಬರದ ಗಂಡುಮಕ್ಕಳ ಅನಾಥಾಲಯವಿದ್ದ ಊರು. ಫ್ರೆಂಚ್ ಪಾದ್ರಿಗಳ ಚರ್ಚನ್ನು ಮುಳುಗಿಸಿದ ನೀರನ್ನು ಈಗ ಆ ಸೀಮೆಯ ಹೊಲಗಳು ಕುಡಿಯುತ್ತಿವೆ.